ಧ್ವನಿಮತ

ಕಿವಿಯ ಯಂತ್ರವನ್ನು ಬೆಳಿಗ್ಗೆ ಸೊಸೆಯೇ ಹಾಕಬೇಕು. ಕಡಲೆಕಾಳಿನಷ್ಟಿರುವ ಆ ಬ್ಯಾಟರಿಯನ್ನು ಅದರ ಗೂಡಿನಲ್ಲಿ ಕೂರಿಸುವುದು ತನ್ನ ನಡುಗುವ ಬೆರಳುಗಳಿಂದಾಗದ ಕೆಲಸ ಎಂದು ಒಪ್ಪಿಕೊಂಡಾಗಿನಿಂದ ದಿನಾ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಅವಳು ತಲೆ ಬಗ್ಗಿಸಿ ಕೂರುತ್ತಾಳೆ; ಸೊಸೆ ಅವಳ ಬಿಳಿ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಮಗುವಿಗೆ ಮಾತ್ರೆ ನುಂಗಿಸುವವರ ಸಹನೆಯಿಂದ ಯಂತ್ರವನ್ನು ಒಳಗೆ ತಿರುವುತ್ತಾಳೆ. ಆ ಸಹನೆಯನ್ನು ಕಂಡರೇ ಅವಳಿಗೆ ಆಗದು. ಒಂದು ದಿನವಾದರೂ ಈ ಹೆಂಗಸು ಸಿಡುಕಿದ್ದರೆ, ಒಂದು ಸಲವಾದರೂ ಬೇಕೆಂದೇ ಕಿವಿ ಎಳೆದು ನೋಯಿಸಿದ್ದರೆ, ಮನೆಯಲ್ಲಿ ತನ್ನ ಜೊತೆ ಇನ್ನೊಂದು ಜೀವ ಇದೆ ಎಂದು ಅನ್ನಿಸುತ್ತಿತ್ತು. ‘ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ’ ಎಂದು ಎಷ್ಟು ವೇದಿಕೆಗಳ ಮೇಲೆ ಹೇಳಿಕೊಂಡಿದ್ದಳು. ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿದ್ದರು. ಜನಕ್ಕೇನು, ಮೈಕು ಕಿರುಗುಟ್ಟಿದರೂ ತಟ್ಟುತ್ತಾರೆ.

“ಕೇಳಿಸ್ತಾ ಅತ್ತೆ?”

“ಕೇಳಿಸ್ತು. ಬೀದಿಗೆಲ್ಲಾ ಕೇಳಿಸೋ ಹಾಗೆ ಕೂಗಬೇಡ.”

ಯಂತ್ರ ಕಿವಿಗೆ ಬಿದ್ದ ಕೂಡಲೇ ಮನೆಯ ಕ್ಷುಲ್ಲಕ ಸದ್ದುಗಳೆಲ್ಲ ಒಟ್ಟಿಗೆ ಒಳನುಗ್ಗುತ್ತವೆ. ನಲ್ಲಿಯ ತೊಟ್ಟು, ಲೋಟಕ್ಕೆ ತಗಲುವ ಚಮಚ, ಬಚ್ಚಲಿನಲ್ಲಿ ಗಂಟಲು ಕೆರೆದುಕೊಳ್ಳುವ ಮಗ. ಈ ಮಗ ತನ್ನ ಹೊಟ್ಟೆಯಲ್ಲಿ ಹುಟ್ಟಿಯೂ ಇಡೀ ಜೀವಮಾನದಲ್ಲಿ ಯಾರಿಗೂ ಇಲ್ಲವೆಂದವನಲ್ಲ. ಕಚೇರಿಯಲ್ಲಿ ಮೇಲಿನವರಿಗೆ ಹೌದು, ಮನೆಯಲ್ಲಿ ಹೆಂಡತಿಗೆ ಹೌದು, ತನಗಂತೂ ಮಾತು ಮುಗಿಯುವ ಮೊದಲೇ ಹೌದು. ಈಗ ಇವರಿಬ್ಬರೂ ಸೇರಿ ತನ್ನನ್ನು ಮನೆಯ ಒಂದು ಬೆಲೆಬಾಳುವ ಸಾಮಾನಿನಂತೆ ಒರೆಸಿ ಇಟ್ಟಿದ್ದಾರೆ. ಹೊರಗೆ ಹೊರಡುವುದೆಂದರೆ ಸೊಸೆ ಮುಂಬಾಗಿಲು ತೆಗೆಯುವ ಕಾರ್ಯಕ್ರಮ ಆಗಬೇಕು. ಮೇಲೊಂದು ಬೀಗ, ಕೆಳಗೊಂದು ಬೀಗ, ನಡುವೆ ಸರಪಳಿ, ಇಷ್ಟು ಸಾಲದು ಎಂದು ಬಾಗಿಲಿನಲ್ಲಿ ಇಣುಕಿ ನೋಡಲು ಒಂದು ಗಾಜಿನ ಕಣ್ಣು. ಕಳ್ಳ ಬಂದರೆ ಪಾಪ ಅವನಿಗೇ ನಾಚಿಕೆಯಾಗಬೇಕು, ಒಳಗೆ ಇರುವುದು ಏನು ಎಂದು ನೋಡಿದರೆ.

“ಚಿಲಕದ ವಿಷಯಾನೇ ಅಲ್ವಾ ಅತ್ತೆ ಇವತ್ತು ಆಶ್ರಯದ ಸಭೇಲಿ? ಹಾಕಿಸ್ಕೊಳ್ಳಿ ಅಂತ ಫೋನಲ್ಲೇ ಹೇಳಿದ್ರೆ ಆಗ್ತಿತ್ತು. ಈ ಮಧ್ಯಾಹ್ನದ ಬಿಸಿಲಲ್ಲಿ ಹೋಗಿ...”

“ಹಾಕಿಸ್ಬೇಡಿ ಅನ್ನೋದಕ್ಕೆ ಹೋಗ್ತಿರೋದು.”

ಸೊಸೆ ಸರಪಳಿಯನ್ನು ಕೈಯಲ್ಲಿ ಹಿಡಿದು ನಿಂತಳು. “ಆ ಹುಡುಗಿ ಕೈ ಮುರಿದಿದೆ, ಅತ್ತೆ.”

“ಗೊತ್ತು. ನಾನೂ ಆಸ್ಪತ್ರೆಗೆ ಹೋಗಿದ್ದೆ.”

ಹೋಗಿದ್ದಳು, ಹೂಗುಚ್ಛ ಹಿಡಿದು. ಫೋಟೋ ತೆಗೆಯುವವನೊಬ್ಬ ಅದು ಹೇಗೋ ತನಗಿಂತ ಮೊದಲೇ ಅಲ್ಲಿ ಬಂದು ನಿಂತಿದ್ದ. ಕಾರಿನಲ್ಲಿ ಕುಳಿತು ಅವಳು ಆ ಹುಡುಗಿಯ ಬಗ್ಗೆ ಯೋಚಿಸಲು ಹೋದಳು. ಹುಡುಗಿಯೇನಲ್ಲ, ನಲವತ್ತು ದಾಟಿರಬೇಕು, ಮನೆಬಿಟ್ಟು ಬಂದ ಹೆಂಗಸರಿಗಾಗಿ ತಾನು ಕಟ್ಟಿದ ಆಶ್ರಯದ ಕಾರ್ಯದರ್ಶಿ. ಕಳೆದ ತಿಂಗಳು ಒಂದು ಸಂಜೆ, ಒಳಗಿದ್ದ ಒಬ್ಬಳ ಗಂಡ ಕುಡಿದುಕೊಂಡು ಬಂದ. ಚಿಲಕವಿಲ್ಲದ ಬಾಗಿಲು, ಒಂದು ಕೈಯಿಂದ ತಳ್ಳಿದ, ಒಳಗೆ ಬಂದ. ಹೆಂಡತಿಯ ಜುಟ್ಟು ಹಿಡಿದು ಎಳೆಯುತ್ತಿದ್ದವನಿಗೆ ಅಡ್ಡ ಹೋದ ಕಾರ್ಯದರ್ಶಿಯ ಮೊಣಕೈಯನ್ನು ಅದೇ ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿದ. ಆಸ್ಪತ್ರೆಯಲ್ಲಿ ಅವಳು ಹೂಗುಚ್ಛವನ್ನು ಸರಿಯಿರುವ ಕೈಯಿಂದ ತೆಗೆದುಕೊಂಡು ಪಕ್ಕದ ಮೇಜಿನ ಮೇಲಿಟ್ಟು, “ಅಮ್ಮಾ, ಬಾಗಿಲಿಗೆ ಚಿಲಕ ಹಾಕಿಸ್ಬೇಕು. ಹೆಸರು ಕೇಳದೆ ಯಾರಿಗೂ ತೆಗೀಬಾರದು” ಎಂದಿದ್ದಳು. ಫೋಟೋದವನು ಇದ್ದುದರಿಂದ ತಾನು ಮುಗುಳ್ನಕ್ಕು ಅವಳ ಹಣೆ ಸವರಿದ್ದಳು. ಪತ್ರಿಕೆಯಲ್ಲಿ ಬಂದದ್ದು ಆ ಹಣೆ ಸವರುವ ಕೈ. ‘ತಾಯಿಯ ಸಾಂತ್ವನ’ ಎಂದು ಕೆಳಗೆ ಬರೆದಿದ್ದರು. ಥೂ.

ತಾಯಿ. ಈ ಒಂದು ಶಬ್ದದಲ್ಲಿ ತನ್ನ ಬಾಯಿ ಮುಚ್ಚಿಸಿಬಿಟ್ಟಿದ್ದಾರೆ ಎಂದು ಅವಳಿಗೆ ಎಷ್ಟೋ ವರ್ಷಗಳಿಂದ ಗೊತ್ತು. ಮೊದಲ ಸಲ ಶಾಸನಸಭೆಗೆ ಗೆದ್ದು ಬಂದಾಗ, ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು, ಅವರಿಗೆ ತನ್ನನ್ನು ಏನೆಂದು ಕರೆಯಬೇಕೆಂದೇ ತಿಳಿಯದೆ ಒದ್ದಾಡಿದ್ದರು. ಸದಸ್ಯೆ ಎನ್ನಲು ನಾಲಗೆ ತಿರುಗಲಿಲ್ಲ. ವಯಸ್ಸಾದವರು ‘ತಂಗೀ’ ಎಂದರು, ಚಿಕ್ಕವರು ‘ಅಕ್ಕಾ’ ಎಂದರು; ಮಾತಿಗೆ ಎದ್ದರೆ, ‘ಅಕ್ಕಾ, ಕೂತ್ಕೊಳ್ಳಿ, ದಣಿದಿದ್ದೀರಿ’ ಎಂದು ಹಿಂದಿನಿಂದ ಯಾರೋ ಅಂದರೆ ಇಡೀ ಸಭೆ ಮನೆಯವರ ಹಾಗೆ ನಗುತ್ತಿತ್ತು. ವಯಸ್ಸಾದಂತೆ ಅಕ್ಕ ಹೋಗಿ ಅಮ್ಮ ಬಂತು. ಅಮ್ಮನ ಮಾತಿಗೆ ಯಾರು ಉತ್ತರ ಕೊಡುತ್ತಾರೆ? ಕಾಲಿಗೆ ಬೀಳುತ್ತಾರೆ, ಎದ್ದು ಹೋಗುತ್ತಾರೆ. ಆದರೆ ಅವರಿಗೆಲ್ಲ ತಲೆನೋವಾದದ್ದು ಬೇರೆಯೇ ಒಂದು ವಿಷಯ, ಮೊದಲು ಅದು ಅವಳಿಗೂ ಹೊಳೆದಿರಲಿಲ್ಲ. ಸಭೆಯಲ್ಲಿ ಬಹುಪಾಲು ತೀರ್ಮಾನಗಳು ದನಿಯಲ್ಲೇ ಮುಗಿಯುತ್ತಿದ್ದವು. ಪರವಾಗಿರುವವರು ಹೌದೆನ್ನಿ, ವಿರುದ್ಧ ಇರುವವರು ಇಲ್ಲವೆನ್ನಿ ಎಂದು ಸಭಾಧ್ಯಕ್ಷರು ಹೇಳುವರು. ಒಂದು ಗುಂಪು ಹೌದೆಂದು ಗುಡುಗುವುದು, ಇನ್ನೊಂದು ಇಲ್ಲವೆಂದು. ಯಾರ ಗಂಟಲಿನಿಂದ ಏನು ಬಂತೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಆ ಪದ್ಧತಿ ಎಲ್ಲರಿಗೂ ಇಷ್ಟ. ತಮ್ಮ ಪಕ್ಷಕ್ಕೆ ಕೈಕೊಡಬೇಕೆಂದಿದ್ದವನು ಬಾಯಿ ಆಡಿಸಿ ಸುಮ್ಮನಿರಬಹುದಿತ್ತು. ಆದರೆ ಅವಳ ದನಿ ಮಾತ್ರ ಯಾವ ಗುಂಪಿನಲ್ಲೂ ಕರಗುತ್ತಿರಲಿಲ್ಲ. ಅಷ್ಟು ಗಂಡು ಗಂಟಲುಗಳ ಮೇಲೆ ಅದೊಂದು ಹೆಣ್ಣು ದನಿ ಬೇರೆಯಾಗಿ, ಸ್ಪಷ್ಟವಾಗಿ, ನೆಲಕ್ಕೆ ಬಿದ್ದ ಚಮಚದ ಹಾಗೆ ಕೇಳಿಸುತ್ತಿತ್ತು. ಅವಳು ಯಾವ ಕಡೆ ಎಂದು ತಿಳಿಯಲು ಯಾರೂ ಕಿವಿ ನಿಮಿರಿಸಬೇಕಾಗಿರಲಿಲ್ಲ.

ಕಾರು ನಿಂತಿತು. ಡ್ರೈವರ್ ಇಳಿದು ಬಾಗಿಲು ತೆರೆದು, “ಪೆಟ್ರೋಲ್ ಹಾಕಿಸ್ಕೊಂಡು ಬಂದ್ಬಿಡ್ತೀನಿ ಅಮ್ಮಾವ್ರೇ” ಎಂದ. ಪೆಟ್ರೋಲೆಂದರೆ ಟೀ ಎಂದು ಅವಳಿಗೆ ಗೊತ್ತು. ಆಶ್ರಯದ ಮೆಟ್ಟಿಲಿನ ಮೇಲೆ ಬಡಗಿ ಕೂತಿದ್ದ. ಪಕ್ಕದಲ್ಲಿ ಹತಾರಗಳ ಚೀಲ, ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಉದ್ದನೆಯ ವಸ್ತು. ಅವಳನ್ನು ಕಂಡು ಅವನು ಎದ್ದು ನಿಂತಾಗ ಕಾಗದ ಸರಿದು ಒಳಗಿನ ಕಬ್ಬಿಣ ಹೊಳೆಯಿತು. ಇನ್ನೂ ಸಭೆಯೇ ಸೇರಿಲ್ಲ, ನಿರ್ಣಯ ಮಂಡಿಸಿಲ್ಲ, ಆಗಲೇ ಚಿಲಕ ಕೊಂಡುತಂದು ಬಡಗಿಯನ್ನು ಕರೆಸಿ ಕೂರಿಸಿದ್ದಾರೆ. ಸರ್ಕಾರ ನಡೆಸುವವರಿಗೂ ಇಷ್ಟು ಧೈರ್ಯವಿರಲಿಲ್ಲ. ಅವರು ಕನಿಷ್ಠ ಮತದಾನ ಮುಗಿಯುವವರೆಗೆ ಬಡಗಿಯನ್ನು ಹಿತ್ತಲಿನಲ್ಲಿ ಬಚ್ಚಿಡುತ್ತಿದ್ದರು.

“ಎಷ್ಟು ಹೊತ್ತಾಯ್ತಪ್ಪಾ ಬಂದು?”

“ಈಗ ಬಂದೆ ಅಮ್ಮ. ಕೆಲಸ ಏನೂ ಇಲ್ಲ. ಹಳೇ ಚಿಲಕದ ತೂತುಗಳು ಹಾಗೇ ಇವೆ, ಮೇಲೆ ಬಣ್ಣ ಬಳಿದಿದ್ದಾರೆ ಅಷ್ಟೆ. ಅದಕ್ಕೇ ಕೂರಿಸಿದ್ರಾಯ್ತು.”

ಆ ತೂತುಗಳು ಅವಳವೇ. ಹಜಾರದಲ್ಲಿ ಬಾಗಿಲಿಗೆ ಎದುರಾಗಿ ಆ ಫೋಟೋ ಇದೆ, ದೊಡ್ಡದು, ಚೌಕಟ್ಟು ಹಾಕಿದ್ದು. ಕಪ್ಪು ಕೂದಲಿನ ಅವಳು ಸ್ಕ್ರೂಡ್ರೈವರ್ ಹಿಡಿದು ಬಾಗಿಲಿನಿಂದ ಚಿಲಕ ಬಿಚ್ಚುತ್ತಿದ್ದಾಳೆ, ಹಿಂದೆ ಹೆಂಗಸರು ನಗುತ್ತಾ ನಿಂತಿದ್ದಾರೆ. ಈ ಬಾಗಿಲು ಯಾವ ಹೊತ್ತಿನಲ್ಲಿ ಬಂದ ಯಾವ ಹೆಣ್ಣಿಗೂ ಮುಚ್ಚಿರುವುದಿಲ್ಲ, ನೀನು ಯಾರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ: ಕೆಳಗೆ ಅವಳದೇ ಮಾತು. ಶಾಲೆಯ ಪಾಠದಲ್ಲಿಯೂ ಆ ಚಿತ್ರ ಇದೆಯಂತೆ. ಪಾಠದಲ್ಲಿ ಇಲ್ಲದಿರುವುದು ಏನೆಂದರೆ, ಫೋಟೋದವನು ತಡವಾಗಿ ಬಂದ, ಆ ಹೊತ್ತಿಗಾಗಲೇ ಚಿಲಕ ಬಿಚ್ಚಿ ಆಗಿತ್ತು. ಅವನ ಮುಖ ಬಾಡಿದ್ದು ನೋಡಿ ಅವಳೇ, “ಪರವಾಗಿಲ್ಲ, ಇರಿ” ಎಂದು ನಾಲ್ಕೂ ಸ್ಕ್ರೂಗಳನ್ನು ಮತ್ತೆ ತಿರುಗಿಸಿ ಚಿಲಕ ಕೂರಿಸಿ, ಸೆರಗು ಸರಿ ಮಾಡಿಕೊಂಡು, ಎರಡನೆಯ ಸಲ ಬಿಚ್ಚಿದ್ದಳು. ಹಿಂದಿನ ಹೆಂಗಸರು ನಗುತ್ತಿರುವುದು ಅದಕ್ಕೇ.

ಒಳಗೆ ಉದ್ದನೆಯ ಊಟದ ಮೇಜಿನ ಸುತ್ತ ಸಮಿತಿಯವರು ಕೂತಿದ್ದರು, ಎಲ್ಲರೂ ಹೆಂಗಸರು. ಇದೂ ಅವಳದೇ ನಿಯಮ. ಶಾಸನಸಭೆಯಲ್ಲಿ ಉಂಡ ಅವಮಾನಕ್ಕೆ ಸೇಡು ಎಂಬಂತೆ ಈ ಸಮಿತಿಯಲ್ಲಿ ಒಬ್ಬ ಗಂಡಸಿಗೂ ಜಾಗವಿಲ್ಲ ಎಂದು ಬರೆದಿದ್ದಳು. ಈಗ ನೋಡಿದರೆ, ಗಂಡಸರಿಗೆ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಅವಳು ಮಾಡಿಲ್ಲ. ಬ್ಯಾಂಕಿನಿಂದ ನಿವೃತ್ತಳಾದ ಖಜಾಂಚಿ ಪೆನ್ಸಿಲಿನ ತುದಿಯಿಂದ ಬಿಸ್ಕತ್ತಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು, ಯಾರೂ ನೋಡುತ್ತಿಲ್ಲ ಎಂದುಕೊಂಡು. ಹಲ್ಲಿನ ಡಾಕ್ಟರು ಎಂದಿನಂತೆ ಹೆಣಿಗೆ ತಂದಿದ್ದಳು; ಎಷ್ಟೋ ವರ್ಷಗಳಿಂದ ಅದೇ ನೀಲಿ ಉಣ್ಣೆ, ಅದು ಏನಾಗುತ್ತದೆಂದು ಯಾರಿಗೂ ತಿಳಿದಿಲ್ಲ. ಉಳಿದವರು ಮಾಜಿ ಅಧಿಕಾರಿಗಳ ಹೆಂಡತಿಯರು, ಮುಖ್ಯೋಪಾಧ್ಯಾಯಿನಿಯರು, ಒಳ್ಳೆಯವರು. ಒಳ್ಳೆಯತನ ಅವರ ಮುಖದ ಮೇಲೆ ಪೌಡರಿನ ಹಾಗೆ ಇರುತ್ತದೆ, ಮಾತಾಡಿದರೆ ಉದುರುತ್ತದೆ. ಅವಳು ಬಂದೊಡನೆ ಕುರ್ಚಿಗಳೆಲ್ಲ ಹಿಂದೆ ಸರಿದವು, ‘ಬನ್ನಿ ಅಮ್ಮ’, ‘ಹುಷಾರಾ ಅಮ್ಮ’, ‘ಸಣ್ಣ ಆಗಿದ್ದೀರಿ ಅಮ್ಮ’. ಅಧ್ಯಕ್ಷೆಯ ಕುರ್ಚಿಯ ಮೇಲೆ ದಿಂಬೊಂದನ್ನು ಇಟ್ಟಿದ್ದರು. ಅವಳು ಅದನ್ನು ತೆಗೆದು ನೆಲಕ್ಕೆ ಹಾಕಿ ಕೂತಳು. ಕೂತ ಮೇಲೆ ಮೂಳೆ ಒತ್ತಿತು, ಆದರೂ ಎತ್ತಿಕೊಡಿ ಎನ್ನಲಿಲ್ಲ.

ಕಾರ್ಯದರ್ಶಿ ಒಂದೇ ಕೈಯಿಂದ ಕಾಗದ ತಿರುಗಿಸುತ್ತಿದ್ದಳು. ಇನ್ನೊಂದು ಕೈ ಬಿಳಿ ಪಟ್ಟಿಯಲ್ಲಿ ಕತ್ತಿನಿಂದ ತೂಗುತ್ತಿತ್ತು. ಇವಳು ಈ ಬಾಗಿಲಿನಿಂದ ಒಳಗೆ ಬಂದ ದಿನ ಅವಳಿಗೆ ನೆನಪಿದೆ, ಅಥವಾ ಎಷ್ಟು ಭಾಷಣಗಳಲ್ಲಿ ಹೇಳಿಕೊಂಡಿದ್ದಾಳೆಂದರೆ ನೆನಪಿದ್ದದ್ದು ಯಾವುದು ಹೇಳಿದ್ದು ಯಾವುದು ಎಂದು ಈಗ ತಿಳಿಯುವುದಿಲ್ಲ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಯಾರೂ ಏನೂ ಕೇಳಲಿಲ್ಲ. ಅನ್ನ ಹಾಕಿದರು, ಹಾಸಿಗೆ ಕೊಟ್ಟರು. ಹಲವು ದಿನ ಆ ಹುಡುಗಿ ತನ್ನ ಹೆಸರನ್ನೇ ಹೇಳಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಆಮೇಲೆ ಓದಿದಳು, ಟೈಪು ಕಲಿತಳು, ಕಾನೂನು ಪರೀಕ್ಷೆ ಕಟ್ಟಿದಳು. ಸಭೆಯ ನಿಯಮಗಳನ್ನು ಅವಳಿಗೆ ಕಲಿಸಿದ್ದು ತಾನೇ. ಈ ಮೇಜಿನ ತುದಿಯಲ್ಲೇ ಕೂತು, ನಿರ್ಣಯ ಎಂದರೇನು, ತಿದ್ದುಪಡಿ ಎಂದರೇನು. ಇಂಥವಳು ಇವತ್ತು ಎದ್ದು ನಿಂತು ಬೇರೆ ಹೆಂಗಸರ ಮುಖಕ್ಕೆ ಚಿಲಕ ಹಾಕಿ ಎನ್ನುತ್ತಾಳೆ. ಒಳಗೆ ಸೇರಿಕೊಂಡ ಮೇಲೆ ಬಾಗಿಲು ಮುಚ್ಚುವುದು ಎಲ್ಲರಿಗೂ ಬರುತ್ತದೆ. ಅವಳಿಗೆ ಹೇಸಿಗೆಯಾಯಿತು.

“ನನಗೂ ಕೇಳೋದಿದೆ,” ಎಂದಳು ಅವಳು, ಕಾರ್ಯದರ್ಶಿ ನಿರ್ಣಯ ಓದಿ ಮುಗಿಸುವ ಮೊದಲೇ. “ನೀನು ಬಂದ ದಿನ ಈ ಬಾಗಿಲಿಗೆ ಚಿಲಕ ಇದ್ದಿದ್ರೆ ಏನ್ಮಾಡ್ತಿದ್ದೆ?”

“ತಟ್ತಿದ್ದೆ ಅಮ್ಮ.”

“ಯಾರು ಅಂತ ಕೇಳಿದ್ರೆ?”

ಕಾರ್ಯದರ್ಶಿ ಕಾಗದವನ್ನು ಮೇಜಿನ ಮೇಲಿಟ್ಟಳು. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ, ಅದೇ ಕಷ್ಟ. “ಹೆಸರು ಹೇಳೋಕೆ ಭಯ ಆಗ್ತಿತ್ತು. ವಾಪಸ್ ಹೋಗಿಬಿಡ್ತಿದ್ದೆನೋ ಏನೋ. ಅದು ನಿಜ. ಆದ್ರೆ ಒಳಗಿದ್ದವ್ರಿಗೂ ಭಯ ಇತ್ತು ಅಮ್ಮ. ಆವಾಗ ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾಯ್ತು. ಈ ಮನೇಲಿ ಒಬ್ಬರೂ ಪೂರ್ತಿ ನಿದ್ದೆ ಮಾಡಲ್ಲ. ಗಾಳಿಗೆ ಬಾಗಿಲು ಅಲುಗಾಡಿದ್ರೂ ಹದಿನಾಲ್ಕು ಜನ ಎದ್ದು ಕೂರ್ತಾರೆ. ಸರದಿ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಮಲಗ್ತೀವಿ, ಚಿಲಕದ ಬದಲಿಗೆ.”

“ನನಗ್ಯಾರೂ ಹೇಳ್ಲಿಲ್ಲ.”

“ನೀವು ರಾತ್ರಿ ಇಲ್ಲಿ ಮಲಗಲ್ಲ ಅಮ್ಮ.”

ಹಲ್ಲಿನ ಡಾಕ್ಟರ ಸೂಜಿಗಳು ನಿಂತವು. ಖಜಾಂಚಿ ಬಿಸ್ಕತ್ತನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಳು. ಹೀಗೆ ಒಂದೇ ವಾಕ್ಯದಲ್ಲಿ ತನ್ನನ್ನು ಕೂರಿಸಿದವರು ಶಾಸನಸಭೆಯಲ್ಲಿ ಯಾರಿದ್ದರು ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಯಾರೂ ಇರಲಿಲ್ಲ, ಅವರೆಲ್ಲ ನಕ್ಕು ಕೂರಿಸುತ್ತಿದ್ದರು. ಮೇಲೊಂದು ಬೀಗ, ಕೆಳಗೊಂದು ಬೀಗ, ನಡುವೆ ಸರಪಳಿ. ಇಷ್ಟು ವರ್ಷ ಇವರ ಬೆನ್ನುಗಳನ್ನು ಚಿಲಕ ಮಾಡಿ, ತಾನು ಆ ಬೀಗಗಳ ಒಳಗೆ ಮಲಗಿದ್ದಳು. ಒಪ್ಪಿಕೊಂಡರೆ ಏನು ಹೋಗುತ್ತದೆ? ಒಂದು ತುಂಡು ಕಬ್ಬಿಣ. ಆದರೆ ಆ ತುಂಡು ಮತ್ತೆ ಆ ತೂತುಗಳಿಗೆ ಕೂತರೆ ತನ್ನ ಹತ್ತಿರ ಉಳಿಯುವುದು ಆ ಇನ್ನೊಂದೇ, ಶಾಸನಸಭೆಯಲ್ಲಿ ಒಂದು ಮಧ್ಯಾಹ್ನ ಅಂದ ಆ ‘ಇಲ್ಲ’. ಈ ಮನೆಯನ್ನು ಅವಳು ಕಟ್ಟಿದ್ದು ಅದನ್ನು ಮುಚ್ಚುವುದಕ್ಕೆ. ಇದು ಅವಳಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಿದ್ದವರು ಸತ್ತಿದ್ದಾರೆ.

ಸಭೆಯಲ್ಲಿ ವಕೀಲರು ಎಂದರೆ ಆ ಕಾಲದಲ್ಲಿ ಒಬ್ಬರೇ, ವಿರೋಧ ಪಕ್ಷದ ಮುದುಕರು, ಕಾಲರು ಸವೆದ ಕೋಟು, ಜೇಬಿನಲ್ಲಿ ಕೆಮ್ಮಿನ ಮಾತ್ರೆ. ಗಂಡ ಹೊರಗೆ ಹಾಕಿದ ಹೆಂಡತಿಗೆ ಅದೇ ಮನೆಯೊಳಗೆ ಇರುವ ಹಕ್ಕಿದೆ, ಬಾಗಿಲು ಮುಚ್ಚಿದರೆ ಸರ್ಕಾರ ಬಂದು ತೆಗೆಸಬೇಕು ಎಂಬ ಮಸೂದೆ ತಂದಿದ್ದರು. ಅದು ಅವಳ ಮಸೂದೆ. ಬೀದಿ ಬೀದಿಯಲ್ಲಿ ಗಂಟಲು ಹರಿದುಕೊಂಡು ಅವಳು ಕೂಗಿದ್ದನ್ನೇ ಅವರು ಕಾನೂನಿನ ಮಾತಿನಲ್ಲಿ ಬರೆದಿದ್ದರು, ಅದನ್ನು ಹೇಳಿಯೂ ಇದ್ದರು. ಮತದ ದಿನ ಬೆಳಿಗ್ಗೆ ಪಕ್ಷದ ನಾಯಕರು ಅವಳನ್ನು ಕೋಣೆಗೆ ಕರೆಸಿದರು. “ನೋಡು ತಂಗೀ, ಒಳ್ಳೇ ಮಸೂದೇನೇ. ಆದ್ರೆ ಅವ್ರು ತಂದ್ರೆ ಹೆಸರು ಅವ್ರಿಗೆ ಹೋಗುತ್ತೆ. ಈ ಸಲ ಇಲ್ಲ ಅಂದ್ಬಿಡು. ಮುಂದಿನ ಸಲ ನೀನೇ ತಾ, ಮಂತ್ರಿ ಆಗಿ ತಾ.” ಅವರು ತಮ್ಮ ಉಗುರು ನೋಡಿಕೊಳ್ಳುತ್ತಾ ಹೇಳಿದ್ದರು, ಮಾರುಕಟ್ಟೆಯಲ್ಲಿ ಕಡಿಮೆ ಬೆಲೆ ಹೇಳುವವನು ಬೇರೆ ಕಡೆ ನೋಡುವ ಹಾಗೆ. ಅವಳಿಗೆ ಅವರ ಬಗ್ಗೆ ತಿರಸ್ಕಾರ ಹುಟ್ಟಿತು, ಆ ತಿರಸ್ಕಾರದಿಂದಲೇ ತಾನು ಅವರಿಗಿಂತ ದೊಡ್ಡವಳು ಅನ್ನಿಸಿತು, ಹಾಗನ್ನಿಸಿದ್ದರಿಂದ ಒಪ್ಪಿಕೊಳ್ಳುವುದು ಸುಲಭವಾಯಿತು. ಮಧ್ಯಾಹ್ನ ಸಭಾಧ್ಯಕ್ಷರು ಕೇಳಿದಾಗ, ಮೆಲ್ಲಗೆ ಅಂದರಾಯಿತು, ಅಷ್ಟು ಜನರ ‘ಇಲ್ಲ’ಗಳಲ್ಲಿ ನನ್ನದೂ ಒಂದು ಎಂದುಕೊಂಡು, ತುಟಿ ಮಾತ್ರ ಅಲುಗಿಸುವಷ್ಟು ಮೆಲ್ಲಗೆ ಅಂದಳು. ಇಡೀ ಸಭೆಗೆ ಕೇಳಿಸಿತು. ಮಿಕ್ಕ ದನಿಗಳೆಲ್ಲ ಅದಕ್ಕೆ ದಾರಿ ಬಿಟ್ಟುಕೊಟ್ಟ ಹಾಗೆ. ಯಾರೋ ನಕ್ಕರು. ವಕೀಲರು ತಿರುಗಿ ನೋಡಿದರು.

ಅವರು ಎಣಿಕೆ ಕೇಳಬಹುದಿತ್ತು. ದನಿಯ ಮೇಲೆ ಅನುಮಾನವಿದ್ದರೆ ಒಬ್ಬ ಸದಸ್ಯ ಎದ್ದು ನಿಂತು ಎಣಿಕೆ ಬೇಕು ಎಂದರೆ ಸಾಕು, ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಹೆಸರು ಬರೆದುಕೊಳ್ಳಬೇಕು. ಅದು ಅಚ್ಚಾಗಿ ಗ್ರಂಥಾಲಯದಲ್ಲಿ ಕೂರುತ್ತದೆ. ವಕೀಲರು ಅರ್ಧ ಎದ್ದರು. ಅವಳ ಮುಖ ನೋಡಿದರು. ಕೂತರು. ಜೇಬಿನಿಂದ ಕೆಮ್ಮಿನ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು. ಹೀಗೆ ಅವಳ ‘ಇಲ್ಲ’ ಎಲ್ಲೂ ದಾಖಲಾಗಲಿಲ್ಲ. ಅವಳು ಮಂತ್ರಿಯಾದಳು, ಮುಂದಿನ ವರ್ಷ ಈ ಆಶ್ರಯ ತೆರೆದು ಚಿಲಕ ಬಿಚ್ಚಿದಳು, ಎಷ್ಟೋ ವರ್ಷಗಳ ಮೇಲೆ ಅದೇ ಮಸೂದೆಯನ್ನು ತಾನೇ ತಂದಳು, ಆ ಕಾನೂನಿನ ತಾಯಿ ಎನಿಸಿಕೊಂಡಳು. ನಡುವೆ ಎಷ್ಟು ಬಾಗಿಲುಗಳು ಎಷ್ಟು ಹೆಂಗಸರ ಮೇಲೆ ಮುಚ್ಚಿದವು ಎಂದು ಯಾರೂ ಎಣಿಸಲಿಲ್ಲ, ಅವಳಂತೂ ಎಣಿಸಲಿಲ್ಲ. ವಕೀಲರನ್ನು ಮಾತ್ರ ಅವಳು ಕ್ಷಮಿಸಲಿಲ್ಲ. ಕರುಣೆ ತೋರಿಸಿದ್ದರು. ಅವರು ಸತ್ತಾಗ ಸಭೆಯಲ್ಲಿ ಸಂತಾಪ ಸೂಚಿಸಿ ಮಾತಾಡಿದವರಲ್ಲಿ ಅವಳದೇ ಅತಿ ಉದ್ದದ ಭಾಷಣ.

“ಮತಕ್ಕೆ ಹಾಕಿ ಅಮ್ಮ,” ಎಂದಳು ಖಜಾಂಚಿ, ಬಿಸ್ಕತ್ತು ನುಂಗಿ. “ಬಡಗಿ ಕಾಯ್ತಿದ್ದಾನೆ.”

ಆಗ ಅವಳಿಗೆ ಹೊಳೆಯಿತು. ಇವರು ಯಾರಿಗೂ ತಿಳಿಯದ್ದು, ಒಂದು ಜೀವಮಾನ ಅಂಥ ಜಾಗದಲ್ಲಿ ಕೂತವರಿಗೆ ಮಾತ್ರ ತಿಳಿಯುವುದು: ಧ್ವನಿಮತದಲ್ಲಿ ಗೆಲ್ಲುವುದು ದನಿಯಲ್ಲ, ಅಧ್ಯಕ್ಷರ ಕಿವಿ. ಯಾವ ಕಡೆಯದು ಹೆಚ್ಚೆಂದು ಅಧ್ಯಕ್ಷರಿಗೆ ಕೇಳಿಸಿತೋ ಅದೇ ತೀರ್ಮಾನ. ಯಾರಾದರೂ ಎದ್ದು ಎಣಿಕೆ ಕೇಳುವವರೆಗೆ ಅದನ್ನು ಬ್ರಹ್ಮನೂ ಬದಲಾಯಿಸಲಾರ. ಇವರು ಕೇಳುವುದಿಲ್ಲ. ಬಾಯಿ ತೆರೆದು, ಒಬ್ಬರ ಮುಖ ಒಬ್ಬರು ನೋಡಿ, ‘ಅಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ’ ಎಂದು ಗುಸುಗುಸು ಮಾಡಿ ಎದ್ದು ಹೋಗುತ್ತಾರೆ. ಬಡಗಿಗೆ ಹೋಗಿಬರುವ ಖರ್ಚು ಕೊಟ್ಟು ಕಳಿಸುತ್ತಾರೆ. ಅವಳು ಕೈ ಎತ್ತಿ ಕಿವಿಯಿಂದ ಯಂತ್ರ ತೆಗೆದು ಟೀ ಲೋಟದ ಪಕ್ಕದಲ್ಲಿಟ್ಟಳು. ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನುವುದು ಸುಳ್ಳಾಗುತ್ತದೆ. ಸುಳ್ಳು ಹೇಳುವವಳಲ್ಲ ಅವಳು. ಈ ಲೆಕ್ಕಾಚಾರಕ್ಕೆ ಅವಳಿಗೇ ನಗು ಬಂತು.

ಸದ್ದುಗಳೆಲ್ಲ ದೂರ ಹೋದವು. ಪರವಾಗಿರುವವರು ಹೌದೆನ್ನಿ ಎಂದಳು. ಮೇಜಿನ ಸುತ್ತ ಬಾಯಿಗಳು ತೆರೆದು ಮುಚ್ಚಿದವು, ಎಲ್ಲ ಬಾಯಿಗಳೂ. ಒಂದು ಮಂದವಾದ ಗುಂಯ್‌ ಬಂತು, ಎಲ್ಲವೂ ಹೆಣ್ಣು ದನಿ, ಯಾವುದು ಯಾರದೆಂದು ಬೇರ್ಪಡಿಸಲಾಗದ್ದು. ವಿರುದ್ಧ ಇರುವವರು ಇಲ್ಲವೆನ್ನಿ ಎಂದಳು. ಒಂದು ಬಾಯಿಯೂ ಅಲುಗಲಿಲ್ಲ. “ಇಲ್ಲ ಎನ್ನುವವರ ದನಿ ಹೆಚ್ಚಾಗಿದೆ,” ಎಂದಳು ಅವಳು, ತನಗೆ ಎಂದೂ ದಕ್ಕದ ಆ ಸಭಾಧ್ಯಕ್ಷರ ಗತ್ತಿನಲ್ಲಿ. “ನಿರ್ಣಯ ಬಿದ್ದುಹೋಗಿದೆ.”

ನಿರೀಕ್ಷಿಸಿದಂತೆಯೇ ಆಯಿತು. ಖಜಾಂಚಿ ಡಾಕ್ಟರನ್ನು ನೋಡಿದಳು, ಡಾಕ್ಟರು ಉಣ್ಣೆಯನ್ನು ನೋಡಿದಳು. ಮುಖ್ಯೋಪಾಧ್ಯಾಯಿನಿಯರಲ್ಲಿ ಒಬ್ಬಳು ಆಗಲೇ ಕೈಚೀಲಕ್ಕೆ ಕನ್ನಡಕ ತುಂಬುತ್ತಿದ್ದಳು. ಕುರಿಗಳು, ಎಂದುಕೊಂಡಳು ಅವಳು, ಗೆದ್ದ ಸಂತೋಷವೂ ಇಲ್ಲದೆ. ಇವರಿಗಾಗಿಯೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು, ಇಂಥ ಒಂದು ಹಸಿ ಸುಳ್ಳಿಗೂ ಏಳದ ಈ ಸೊಂಟಗಳಿಗಾಗಿ. ಆಗ ಮೇಜಿನ ತುದಿಯಲ್ಲಿ ಬಿಳಿ ಪಟ್ಟಿ ಎದ್ದಿತು. ಕಾರ್ಯದರ್ಶಿ ಪೂರ್ತಿ ಎದ್ದು ನಿಂತಿದ್ದಳು, ಅರ್ಧ ಅಲ್ಲ. ಅವಳು ಏನೋ ಅಂದಳು. ಕೇಳಿಸಲಿಲ್ಲವೆಂದು ತಿಳಿದು ಮೇಜನ್ನು ಸುತ್ತಿ ಬಂದು, ಬಗ್ಗಿ, ಅವಳ ಕಿವಿಯ ಹತ್ತಿರ ಗಟ್ಟಿಯಾಗಿ ಅಂದಳು: “ಎಣಿಕೆ ಬೇಕು ಅಮ್ಮ.”

ಅವಳು ತಲೆಯೆತ್ತಿ ಆ ಮುಖ ನೋಡಿದಳು. ಅದರಲ್ಲಿ ಕರುಣೆ ಹುಡುಕಿದಳು, ಎಂದಿನ ಅಭ್ಯಾಸ. ಇರಲಿಲ್ಲ. ತನಗೆ ಸಂಕಟವಾಗುತ್ತಿದೆಯೋ ನೆಮ್ಮದಿಯೋ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಇವಳೊಬ್ಬಳನ್ನು ತಿರಸ್ಕರಿಸಲು ತನ್ನಿಂದ ಆಗುತ್ತಿಲ್ಲ ಎಂಬುದಷ್ಟೇ ಗೊತ್ತಾಯಿತು. ಆ ಮಧ್ಯಾಹ್ನ ಯಾರಾದರೂ ಹೀಗೆ ಎದ್ದು ನಿಂತಿದ್ದರೆ ತಾನು ಬೇರೆ ಯಾರೋ ಆಗಿರುತ್ತಿದ್ದೆ ಎಂದು ಅವಳಿಗೆ ಬಹಳ ನೋವಾಯಿತು. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, “ಹೌದೆನ್ನುವವರು ಏಳಿ,” ಎಂದಳು.

ಎದ್ದರು. ಸೊಂಟ ಹಿಡಿದು, ಮೇಜು ಹಿಡಿದು, ಒಬ್ಬರ ಹಿಂದೊಬ್ಬರು ಎಲ್ಲರೂ ಎದ್ದರು. ಡಾಕ್ಟರ ಉಣ್ಣೆಯ ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಕಾರ್ಯದರ್ಶಿ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಹೆಸರು ಬರೆದುಕೊಂಡಳು. ಎಲ್ಲರೂ ಕೂತ ಮೇಲೆ, “ಇಲ್ಲವೆನ್ನುವವರು ಏಳಿ,” ಎಂದು ಹೇಳಿ, ಕುರ್ಚಿಯ ಎರಡೂ ಕೈಗಳನ್ನು ಒತ್ತಿ ತಾನೇ ಎದ್ದು ನಿಂತಳು. ನಿಂತೇ ಇದ್ದಳು. ಕಾರ್ಯದರ್ಶಿಯ ಕೈ ಬರೆಯಲಿಲ್ಲ.

“ಬರ್ಕೋ,” ಎಂದಳು.

ಕಾರ್ಯದರ್ಶಿ ಮತ್ತೆ ಕಿವಿಯ ಹತ್ತಿರ ಬಗ್ಗಿದಳು. “ಅಧ್ಯಕ್ಷರಿಗೆ ಮತ ಇಲ್ಲ ಅಮ್ಮ. ಎರಡೂ ಕಡೆ ಸಮ ಆದ್ರೆ ಮಾತ್ರ.”

“ಯಾರು ಮಾಡಿದ್ದು ಆ ನಿಯಮ?”

“ನೀವೇ ಬರೆಸಿದ್ದು. ಶಾಸನಸಭೇಲಿ ಹಾಗೇ ಇರೋದು ಅಂತ.”

“ನನ್ನ ಹೆಸರು ಬರ್ಕೊಳೇ,” ಎಂದಳು ಅವಳು. ಗಟ್ಟಿಯಾಗಿ ಅಂದಳೋ ಮೆಲ್ಲಗೋ ಅವಳಿಗೆ ತಿಳಿಯಲಿಲ್ಲ, ಆದರೆ ಎಲ್ಲರೂ ತಲೆ ತಗ್ಗಿಸಿದರು. “ಒಂದು ಸಲ ಬರ್ಕೋ. ಇಲ್ಲ ಅಂದಿದ್ದು ನಾನು ಅಂತ.”

ಕಾರ್ಯದರ್ಶಿ ತಲೆಯಾಡಿಸಿದಳು, ಆಗುವುದಿಲ್ಲ ಎಂದು. ಪುಸ್ತಕದಲ್ಲಿ ಬರೆದದ್ದನ್ನು ಅವಳು ಓದಿದಾಗ ತುಟಿಗಳ ಮೇಲೆ ಅದು ಸ್ಪಷ್ಟವಾಗಿ ಕಂಡಿತು: ಸರ್ವಾನುಮತದಿಂದ. ಖಜಾಂಚಿ ಚಪ್ಪಾಳೆಗೆ ಕೈ ಸೇರಿಸಿ, ಯಾರೂ ಸೇರದ್ದು ನೋಡಿ, ಆ ಕೈಗಳನ್ನೇ ಉಜ್ಜಿಕೊಂಡಳು.

ಅವಳು ಹೊರಗೆ ನಡೆದಳು. ಯಾರೋ ತೋಳು ಹಿಡಿಯಲು ಬಂದರು, ಕೊಡವಿದಳು. ಬಾಗಿಲಲ್ಲಿ ಬಡಗಿ ಆಗಲೇ ಕೆಲಸ ಶುರು ಮಾಡಿದ್ದ, ಉಗುರಿನಿಂದ ಬಣ್ಣ ಕೆರೆದು ಹಳೆಯ ತೂತು ಬಿಡಿಸುತ್ತಿದ್ದವನು ಅವಳಿಗೆ ದಾರಿ ಬಿಟ್ಟ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಕಾರಿಲ್ಲವೆಂದು ಗೊತ್ತಾಯಿತು. ನಿಂತು ಕಾಯುವುದು ಅವಮಾನವೆನಿಸಿ ಮನೆಯ ಕಡೆಗೆ ನಡೆಯತೊಡಗಿದಳು, ಮನೆ ಎಷ್ಟೋ ಮೈಲಿ. ಔಷಧದ ಅಂಗಡಿ ದಾಟಿದಳು, ಸೈಕಲ್ ರಿಪೇರಿಯವನನ್ನು ದಾಟಿದಳು. ಬೀದಿ ಇಷ್ಟು ಸಭ್ಯವಾಗಿ, ಸದ್ದಿಲ್ಲದೆ ಎಂದೂ ಇರಲಿಲ್ಲ. ಒಬ್ಬ ಸ್ಕೂಟರಿನವನು ತೀರ ಮೈಮೇಲೆ ಬಂದು ವಾಲಿಸಿಕೊಂಡು ಹೋಗಿ, ಹಿಂತಿರುಗಿ ಏನೋ ಬೈದ. ಬಾಯಿ ಮಾತ್ರ ಕಂಡಿತು. ಕಿವಿ ಮುಟ್ಟಿ ನೋಡಿಕೊಂಡಳು. ಯಂತ್ರ ಟೀ ಲೋಟದ ಪಕ್ಕದಲ್ಲೇ ಉಳಿದಿತ್ತು.

ಮೆಲ್ಲನೆ ನಡೆದು ಆಶ್ರಯಕ್ಕೆ ತಿರುಗಿ ಬರುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಮೆಟ್ಟಿಲಿನ ಮೇಲೆ ಬಡಗಿ ಇರಲಿಲ್ಲ, ಬಣ್ಣದ ಚೂರುಗಳು ಮಾತ್ರ ಬಿದ್ದಿದ್ದವು. ಅವಳು ಎಂದಿನ ಹಾಗೆ ಅಂಗೈಯಿಂದ ಬಾಗಿಲು ತಳ್ಳಿದಳು. ಅದು ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದಳು, ಭುಜ ಕೊಟ್ಟು. ಒಳ್ಳೆಯ ಕೆಲಸ ಮಾಡಿದ್ದ, ಗಟ್ಟಿಯಾಗಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಳು. ತಟ್ಟಿದ್ದು ಗೆಣ್ಣಿಗೆ ನೋವಾದದ್ದರಿಂದ ತಿಳಿಯಿತು, ಸದ್ದಿನಿಂದಲ್ಲ. ಹಲಗೆಯ ಮೇಲಿಟ್ಟ ಅಂಗೈಗೆ ಒಳಗಿನ ಹೆಜ್ಜೆಗಳ ಅದುರು ಬಂತು. ಯಾರೋ ಬಂದು ಆ ಕಡೆ ನಿಂತಿದ್ದರು. ಹೊಸ ನಿಯಮದ ಪ್ರಕಾರ ಅವರು ಯಾರು ಎಂದು ಕೇಳಬೇಕು, ಕೇಳದೆ ತೆಗೆಯಬಾರದು.

“ನಾನು,” ಎಂದಳು.

ತೆರೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಅಷ್ಟು ಗಂಡಸರ ನಡುವೆ ಬೇರೆಯಾಗಿ ಕೇಳಿಸಿದ್ದ ಅದೇ ದನಿಯಲ್ಲಿ, “ನಾನು” ಎಂದಳು. ಅಂಗೈ ಹಲಗೆಯ ಮೇಲೆಯೇ ಇತ್ತು. ಆ ಕಡೆಯವರು ಹೋಗಿರಲಿಲ್ಲ, ಅಲ್ಲೇ ನಿಂತಿದ್ದರು. ನಾನು ಅಂದರೆ ಯಾರು ಎಂದು ಕೇಳುತ್ತಿದ್ದರೋ ಏನೋ.